ಸದ್ದು ಮಾಡದ ಬಂದೂಕು

ಎರಡನೇ ಮಹಾಯುದ್ಧದ ಕಾಲ. ನಾನು ಕೊಪ್ಪಕ್ಕೆ ಸೊಸೆಯಾಗಿ ಬಂದ ಹೊಸತು. ವಿಮಾನದಿಂದ ಹಾರಿ ಇಳಿಯುವ ಸೈನಿಕರು ಊರಾಚೆಯ ಕೆರೆಯಂಗಳದಲ್ಲಿ ಬಿಡಾರ ಹೂಡಿದ್ದರು. ಬೆಳಗಿನ ಹೊತ್ತೆಲ್ಲ ಹೂಳಿನ ದಿಬ್ಬಕ್ಕೆ ಗುಂಡು ಹೊಡೆದು ಅಭ್ಯಾಸ. ಒಳ್ಳೆಯ ಹುಲ್ಲು ಬೆಳೆದಿದ್ದದ್ದೂ ಆ ದಿಬ್ಬದ ಬುಡದಲ್ಲೇ, ಬಗ್ಗಿದರೆ ಆಳು ಕಾಣದಷ್ಟು ಎತ್ತರಕ್ಕೆ. ಆ ಕಡೆ ಹೋಗಬೇಡಿ ಎಂದು ತಮಟೆ ಹೊಡೆದು ಸಾರಿದ್ದರು. ಯಾರು ಕೇಳುತ್ತಾರೆ? ಎಮ್ಮೆಗೆ ಯುದ್ಧ ಗೊತ್ತೇ? ಊರ ಹೆಂಗಸರು ತಮ್ಮ ಕಿವಿಯನ್ನೇ ನಂಬಿದ್ದರು. ಗುಂಡಿನ ಸದ್ದು ಇರುವ ತನಕ ಮರದಡಿ ಕೂತು ಹರಟೆ; ಸದ್ದು ನಿಂತಿತೋ, ಕುಡುಗೋಲು ಹಿಡಿದು ನುಗ್ಗುವುದು.

ನಾನಂತೂ ಪ್ರತಿ ಗುಂಡಿಗೂ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಅತ್ತೆಗೆ ಅದೇ ತಮಾಷೆ. "ಪಟಾಕಿಗೂ ಎದರ್ಕತಾಳೆ, ಎಂಥ ಎಣ್ಣ ತಂದ್ನವ್ವ ನಾನು" ಎಂದು ಎಲ್ಲರೆದುರು ಛೇಡಿಸುತ್ತಿದ್ದರು.

ಒಂದು ದಿನ ಸದ್ದು ಬೇಗ ನಿಂತಿತು. "ಊಟಕ್ಕೋದ್ರು ಕಣಮ್ಮಿ, ಬಾ" ಎಂದು ಅತ್ತೆ ಎದ್ದರು. ಉಳಿದವರು ಎಲೆ ಅಡಿಕೆ ಮುಗಿಸಲೆಂದು ಕುಳಿತೇ ಇದ್ದರು.

ಅತ್ತೆ ದಿಬ್ಬದ ಬುಡದಲ್ಲಿ ಬಗ್ಗಿ ಕೊಯ್ಯತೊಡಗಿದರು. ನಾನು ಇನ್ನೂ ಹಿಂದೆ ಇದ್ದೆ. ಆಗ ಕಂಡಿತು: ಅವರ ತಲೆಗಿಂತ ತುಸು ಮೇಲೆ ದಿಬ್ಬದ ಮಣ್ಣು ತಾನಾಗಿ ಸಿಡಿದು ಅವರ ಬೆನ್ನಿನ ಮೇಲೆ ಉದುರುತ್ತಿತ್ತು. ಗುಂಡಿನ ಸದ್ದಿಲ್ಲ. ದೂರದಲ್ಲಿ ಯಾರೋ ತಗಡಿನ ಡಬ್ಬಿ ತಟ್ಟಿದಂತೆ ಟಕಟಕ, ಅಷ್ಟೇ. ಅತ್ತೆ ತಲೆ ಎತ್ತದೆ, "ಥೂ, ಇಲಿ ಮಣ್ ಕೆರೀತಾವೆ" ಎಂದು ಬೈದುಕೊಂಡರು.

ಗುಂಡು ಬೀಳದೆ ಮಣ್ಣು ಹಾಗೆ ಸಿಡಿಯದು ಎನ್ನಿಸಿ ಹುಲ್ಲಿನಲ್ಲಿ ಕವುಚಿಕೊಂಡೆ. ಕೂಗಿದರೆ ಸೊಂಟಕ್ಕೆ ಕೈಯಿಟ್ಟು ನೆಟ್ಟಗೆ ನಿಂತು "ಏನಮ್ಮಿ?" ಎನ್ನುವವರು ಅವರು. ನಿಂತರೆ ತಲೆ ಸರಿಯಾಗಿ ಮಣ್ಣು ಸಿಡಿಯುವಲ್ಲಿಗೇ ಬರುತ್ತದೆ. ಕೂಗದಿದ್ದರೂ ಹೊರೆ ಕಟ್ಟಲು ಏಳಲೇಬೇಕು. ದೇವರೇ, ಅಂಥ ಭಯ ಆಮೇಲೆ ನನಗೆ ಹೆರಿಗೆಯಲ್ಲೂ ಆಗಲಿಲ್ಲ. ತೆವಳಿಕೊಂಡು ಹೋಗಿ, ಏಳಲು ಹೊರಟಿದ್ದವರ ಸೀರೆ ಹಿಡಿದು ಎಳೆದೆ. ಇಬ್ಬರೂ ಬಿದ್ದೆವು. ಅವರ ಕುಡುಗೋಲು ತಗುಲಿ ನನ್ನ ಮುಂಗೈ ಸೀಳಿತು.

"ಅತ್ತೆ ಮ್ಯಾಲೇ ಕೈ ಮಾಡ್ತೀಯೇನೇ, ಮುಂಡೇದೆ!" ಎಂದು ಅವರು ಕಿರುಚಿದ್ದು ಬಿಡಾರದವರೆಗೂ ಕೇಳಿಸಿತು. ಟಕಟಕ ನಿಂತಿತು. ಒಬ್ಬ ಬಿಳಿಯ ಅಧಿಕಾರಿ, ಅವನ ಹಿಂದೆ ನಮ್ಮ ಕಡೆಯವನೇ ಆದ ಲಾರಿ ಡ್ರೈವರ್ ಓಡಿಬಂದರು. ಅಧಿಕಾರಿಯ ಕೈಯಲ್ಲಿ ಗಿಡ್ಡ ಬಂದೂಕು. ಅದರ ನಳಿಗೆಗೆ ದಪ್ಪ ಕೊಳವೆ ಸಿಕ್ಕಿಸಿ ಒರಟು ಬಟ್ಟೆ ಸುತ್ತಿದ್ದರು.

ಡ್ರೈವರ್ ಹೇಳಿದ: "ಇಮಾನ್ದಿಂದ ಸತ್ರುಗಳ ಊರ್ಗೆ ಇಳಿಯೋರ್ಗೆ ಅಂತ ಒಸದಾಗಿ ಮಾಡವ್ರೆ ಕಣವ್ವ. ಸದ್ದು ಬರಕಿಲ್ಲ. ಇನ್ನೂ ಪರೀಕ್ಸೆ ನೋಡ್ತಾವ್ರೆ."

"ಸದ್ದೇ ಬರ್ದಿದ್ರೆ ಎದುರ್ಗಿರೋನು ಬಗ್ಗೋದೆಂಗ್ಲಾ?" ಎಂದರು ಅತ್ತೆ.

"ಅವ್ನಿಗೆ ಗೊತ್ತಾಗ್ಬಾರ್ದು ಅಂತ್ಲೇ ಮಾಡಿರೋದು."

ಅತ್ತೆ ತಿರುಗಿ ದಿಬ್ಬದ ಮೇಲಿನ ತೂತುಗಳನ್ನು ನೋಡಿದರು. ಸೆರಗಿನ ಅಂಚು ಹರಿದು ನನ್ನ ಕೈಗೆ ಕಟ್ಟಿದರು. ಹೊಡೆಯುವುದನ್ನು ನಿಲ್ಲಿಸಿದ್ದೇವೆ, ಧೈರ್ಯವಾಗಿ ಹೋಗಿ ಎಂದು ಡ್ರೈವರ್ ಎಷ್ಟು ಹೇಳಿದರೂ ಅವರು ನೆಟ್ಟಗಾಗಲಿಲ್ಲ. ನನ್ನ ತೋಳು ಹಿಡಿದು, ಬಗ್ಗಿಕೊಂಡೇ ಬಯಲು ದಾಟಿದರು. ಊರ ಬೀದಿಯಲ್ಲೂ ಹಾಗೇ ನಡೆದರು. ಸೊಂಟ ಹಿಡಿದುಕೊಂಡಿತೇ ಎಂದು ಜಗಲಿಯ ಮೇಲಿದ್ದವರು ಕೇಳಿದರು. ಅತ್ತೆ ಮನೆಯ ಹೊಸಿಲು ದಾಟಿದ ಮೇಲೇ ನೆಟ್ಟಗಾದರು.