ನೀಲಿ ಬೀಗರು

ಬೆಳಕು ಹರಿಯುವ ಮುಂಚೆ ಅವಳು ಮಾಡುತ್ತಿದ್ದ ಕೆಲಸಗಳು ಇವು: ನೀರು ಬಿಸಿಗಿಡುವುದು, ರಾತ್ರಿಯ ಪಾತ್ರೆ ತೊಳೆಯುವುದು, ಅತ್ತೆಯ ಮಾತ್ರೆ ತೆಗೆದಿಡುವುದು, ಮಗಳ ಯೂನಿಫಾರ್ಮಿಗೆ ಇಸ್ತ್ರಿ ಹಾಕುವುದು, ಆಮೇಲೆ ಮಲಗುವ ಕೋಣೆಯ ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಯಾರದೋ ಮದುವೆಯ ಬಣ್ಣ ಸರಿಮಾಡುವುದು. ಕೊನೆಯದನ್ನು ಮನೆಯಲ್ಲಿ ಯಾರೂ ಕೆಲಸವೆಂದು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೊದಲಿನವನ್ನೂ ಹಿಡಿದಿರಲಿಲ್ಲ, ಅದು ಬೇರೆ ಮಾತು.

ಗಂಡ ವಿಡಿಯೋಗ್ರಾಫರ್. ಕ್ಯಾಮೆರಾ ಅವನದು, ವಿಸಿಟಿಂಗ್ ಕಾರ್ಡ್ ಅವನದು. ಅವನು ತಂದು ಸುರಿದದ್ದನ್ನು ಕತ್ತರಿಸಿ, ಜೋಡಿಸಿ, ಕಣ್ಣಿಟ್ಟು ನೋಡುವ ಹಾಗೆ ಮಾಡುವುದು ಅವಳದು. ಒಂದೊಂದೇ ಸ್ಲೈಡರ್ ಎಳೆದು ನೋಡಿ ತಾನೇ ಕಲಿತಿದ್ದಳು. ಎಕ್ಸ್‌ಪೋಷರ್ ಏರಿಸಿದರೆ ಕತ್ತಲಲ್ಲಿದ್ದ ಮುಖ ಬೆಳಕಿಗೆ ಬರುತ್ತದೆ, ಅತಿಯಾದರೆ ಮೂಗೇ ಮಾಯ. ಸ್ಯಾಚುರೇಶನ್ ಹೆಚ್ಚಾಗಿ ಬಣ್ಣ ಕಡುವಾದರೆ ತುಟಿಗಳು ಜಗಳಕ್ಕೆ ನಿಂತಂತೆ ಕಾಣುತ್ತವೆ. ಟೆಂಪರೇಚರ್ ಅತ್ತ ಎಳೆದರೆ ಹಳದಿ, ಇತ್ತ ಎಳೆದರೆ ನೀಲಿ. ಈಚೆಗೆ ಗಂಡ ತಂದದ್ದೆಲ್ಲ ಹಳದಿಯಾಗಿಯೇ ಕಾಣುತ್ತಿತ್ತು. ಮದುವೆ ಹಾಲಿನ ಬಲ್ಬುಗಳ ಕಿತಾಪತಿ ಎಂದುಕೊಂಡು ಅವಳು ಮುತುವರ್ಜಿಯಿಂದ ನೀಲಿಯ ಕಡೆಗೆ ಎಳೆಯುತ್ತಿದ್ದಳು.

ಹಾಗೆ ಸರಿಮಾಡಿದ ಒಂದು ಮದುವೆಯ ವಿಡಿಯೋ ಕೊಟ್ಟ ಮರುದಿನವೇ ವರನ ತಾಯಿ ಮನೆಗೆ ಬಂದು ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟರು.

"ನಮ್ಮ ಯಜಮಾನ್ರು ಬಾವಿಗೆ ಬಿದ್ದು ಎದ್ದವ್ರ ಹಾಗಿದ್ದಾರೆ, ಹೋಗ್ಲಿ. ಬೀಗರು ಪೂರ್ತಿ ನೀಲಿ ಕಣಪ್ಪ. ನಾವೇ ಬೇಕು ಅಂತ ಮಾಡಿಸಿದ್ದೀವಿ ಅಂದ್ಕೊಳ್ಳಲ್ವಾ ಅವ್ರು?"

"ನಾನು ಸರಿಯಾಗೇ ತೆಗೆದಿದ್ದೆ ಅಮ್ಮ. ಎಡಿಟಿಂಗ್ ಇವಳದು," ಎಂದ ಗಂಡ. ಅವರು ಹೋದ ಮೇಲೆ, ಇನ್ನೊಂದು ಸಲ ಹೀಗಾದರೆ ಎಡಿಟಿಂಗ್ ಹೊರಗಡೆ ಕೊಡುವುದಾಗಿ ಹೇಳಿದ. ಆ ಮನೆಯಲ್ಲಿ ಅವಳು ಕೂತು ಮಾಡುತ್ತಿದ್ದ ಕೆಲಸ ಅದೊಂದೇ.

ಅವಳ ಪರದೆಯಲ್ಲಿ ನೋಡಿದರೆ ಬೀಗರ ಮುಖದಲ್ಲಿ ನೀಲಿಯ ಸುಳಿವೇ ಇರಲಿಲ್ಲ, ಗುಂಡುಕಲ್ಲಿನ ಹಾಗೆ ಗಟ್ಟಿಮುಟ್ಟಾಗಿದ್ದರು. ಕಣ್ಣನ್ನು ನಂಬದೆ ಬಣ್ಣ ಅಳೆಯುವ ಗ್ರಾಫ್ ತೆರೆದಳು. ಬಿಳಿ ಅಂಗಿ ಇದ್ದಲ್ಲಿ ಕೆಂಪು, ಹಸಿರು, ನೀಲಿ ಮೂರೂ ಸಮ ಎತ್ತರಕ್ಕೆ ನಿಲ್ಲಬೇಕು. ಇಲ್ಲಿ ನೀಲಿ ಮಾತ್ರ ಹೊಸ ಅಳಿಯನ ಹಾಗೆ ತಲೆಯೆತ್ತಿ ನಿಂತಿತ್ತು. ಹಾಗಾದರೆ ಸುಳ್ಳು ಹೇಳುತ್ತಿರುವುದು ಪರದೆ. ಸೆಟ್ಟಿಂಗ್ಸ್ ಜಾಲಾಡಿದಾಗ ಸಿಕ್ಕಿತು: ನೈಟ್ ಮೋಡ್. ಪರದೆಯನ್ನೇ ಹಳದಿ ಮಾಡುವ ಗುಂಡಿ.

"ನಾನೇ ಹಾಕಿದ್ದು," ಎಂದ ಗಂಡ, ಟೀವಿಯಿಂದ ಕಣ್ಣು ಕೀಳದೆ. "ಬೆಳಗಿನ ಜಾವ ಆ ಬಿಳೀ ಬೆಳಕು ಕಣ್ಣಿಗೆ ಹೊಡೆಯುತ್ತೆ. ನನಗೆ ನಿದ್ದೆ ಬೇಡ್ವಾ?"

"ಒಂದು ಮಾತು ಹೇಳ್ಬಾರದಿತ್ತೇನ್ರೀ?"

"ಅದನ್ನೇನು ಹೇಳೋದು? ಹಗಲು ಹೊತ್ತಲ್ಲಿ ಮಾಡ್ಕೋ."

ಹಗಲು ಎಲ್ಲಿದೆ ಎಂದು ಅವಳು ಮನಸ್ಸಿನಲ್ಲೇ ಹುಡುಕಿದಳು. ತಿಂಡಿಗೂ ಊಟಕ್ಕೂ ನಡುವೆ ಬಟ್ಟೆ ಇತ್ತು. ಊಟಕ್ಕೂ ಸಂಜೆಗೂ ನಡುವೆ ಅತ್ತೆ ಇದ್ದರು.

ಮರುದಿನ ನಸುಕಿನಲ್ಲಿ ಕಂಪ್ಯೂಟರ್ ಹಚ್ಚಿದಳು. ಪರದೆ ಹಳದಿಯಾಗಿ ಅರಳಿತು. ಗಂಡ ಬಾಯಿ ತೆರೆದು ಮಲಗಿದ್ದ. ಪರದೆಯನ್ನು ಗೋಡೆಯ ಕಡೆಗೆ ತಿರುಗಿಸೋಣವೆಂದರೆ ಕೂರಲು ಜಾಗವಿರಲಿಲ್ಲ. ಎಬ್ಬಿಸಿ ಕೇಳಬಹುದಿತ್ತು, ಉತ್ತರ ಗೊತ್ತೇ ಇತ್ತು. ನೈಟ್ ಮೋಡ್ ಆಫ್ ಮಾಡಿದಳು. ಒಂದು ಕ್ಷಣ ತಡೆದು ಬ್ರೈಟ್‌ನೆಸ್ಸನ್ನೂ ಬೇಕಾದಷ್ಟಕ್ಕೆ ಏರಿಸಿದಳು.

ಕೋಣೆ ಬೆಳ್ಳಗಾಯಿತು. ಗಂಡ ಮುಲುಗಿ, ಹೊದಿಕೆಯನ್ನು ತಲೆಯ ಮೇಲೆಳೆದು ಮಗ್ಗುಲಾದ. ಅವಳು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಬೀಗರ ನೀಲಿ ತೆಗೆಯುವುದನ್ನು ಕಿವಿಗಳಿಂದ ಶುರುಮಾಡಿದಳು.