ಇಳಿಜಾರಿನ ಕನ್ನಮ್ಮ

ಕನ್ನಮ್ಮ ಮದುವೆಯಾಗಿ ಘಾಟಿಯ ನೆತ್ತಿಯಲ್ಲಿರುವ ಹುಲಿಕಲ್ಲಿಗಿಂತ ಸ್ವಲ್ಪ ಈಚಿನ ಹಳ್ಳಿಗೆ ಬಂದದ್ದು ಎಪ್ಪತ್ತೊಂದರಲ್ಲಿ. ಗಂಡನ ಮನೆಯಲ್ಲಿ ಅವಳಿಗೆ ಬಹಳ ದಿನ ಅರ್ಥವಾಗದೆ ಉಳಿದದ್ದು ಒಂದೇ, ಗಂಡನ ಖುಷಿ.

ಚಂದ್ರಯ್ಯನಿಗೆ ಮಲೇರಿಯಾ ಇಲಾಖೆಯಲ್ಲಿ ಕೆಲಸ. ಸೈಕಲ್ಲಿಗೆ ಚೀಲ ನೇತುಹಾಕಿಕೊಂಡು ಕಾಡಿನೊಳಗಿನ ಒಂಟಿ ಮನೆಗಳಿಗೆ ಹೋಗಬೇಕು, ಜ್ವರ ಬಂದವರ ಬೆರಳಿಗೆ ಸೂಜಿ ಚುಚ್ಚಿ ಗಾಜಿನ ಪಟ್ಟಿಗೆ ರಕ್ತ ಹಚ್ಚಿಕೊಳ್ಳಬೇಕು, ಬಾಗಿಲ ಪಕ್ಕದ ಗೋಡೆಯ ಮೇಲೆ ತಾರೀಕು ಬರೆದು ಬರಬೇಕು. ಅವನನ್ನು ಕಂಡರೆ ಮಕ್ಕಳು ಅಟ್ಟ ಹತ್ತುತ್ತಿದ್ದವು, ನಾಯಿಗಳು ಮುಂದಿನ ಮನೆಯವರೆಗೂ ಬಿಟ್ಟು ಬರುತ್ತಿದ್ದವು. ಹಳ್ಳ ಬಂದಲ್ಲಿ, ಮರದ ದಿಮ್ಮಿಯ ಸಂಕ ಬಂದಲ್ಲಿ ಸೈಕಲ್ಲನ್ನೇ ಹೆಗಲಿಗೇರಿಸಬೇಕು. ಅದು ಅವನನ್ನು ಹೊತ್ತದ್ದು ಹೆಚ್ಚೋ, ಅವನು ಅದನ್ನು ಹೊತ್ತದ್ದು ಹೆಚ್ಚೋ ಹೇಳುವುದು ಕಷ್ಟ. ಇಷ್ಟಾದರೂ ಸಂಜೆ ಮನೆಗೆ ಬರುವಾಗ ಅವನ ಮುಖ ಹೋಳಿಗೆ ಊಟ ಮುಗಿಸಿ ಬಂದವನ ಹಾಗೆ ಇರುತ್ತಿತ್ತು.

‘ಆ ಕಾಡಲ್ಲಿ ನಿಮ್ಗೆ ಎಂತ ಸಿಕ್ತದೆ?’ ಎಂದು ಒಂದು ದಿನ ಕೇಳಿಯೇಬಿಟ್ಟಳು.

‘ಹೇಳಿದ್ರೆ ಗೊತ್ತಾಗಲ್ಲ. ಭಾನುವಾರ ಬಾ, ತೋರಿಸ್ತೀನಿ.’

ಭಾನುವಾರ ಅವನು ಸೈಕಲ್ ತಳ್ಳಿಕೊಂಡು, ಅವಳು ಹಿಂದೆ ನಡೆದುಕೊಂಡು ಊರ ಹಿಂದಿನ ಗುಡ್ಡ ಹತ್ತಿದರು. ನೆತ್ತಿಯಿಂದ ಆಚೆಗೆ ಹಿಂದೆ ಯಾವಾಗಲೋ ಮರದ ನಾಟಾ ಹೊತ್ತ ಲಾರಿಗಳು ಓಡಾಡಿದ ಹಳೇ ದಾರಿ ಇಳಿಯುತ್ತಿತ್ತು. ಚಂದ್ರಯ್ಯ ಕ್ಯಾರಿಯರ್ ತೋರಿಸಿ, ‘ಕೂತ್ಕ. ಸೀಟು ಗಟ್ಟಿ ಹಿಡ್ಕ. ಕಾಲು ಚಕ್ರಕ್ಕೆ ಸಿಗಿಸ್ಬೇಡ’ ಎಂದ. ಮೊದಲ ತಿರುವಿನಲ್ಲಿ ಕನ್ನಮ್ಮ ಕಣ್ಣು ಮುಚ್ಚಿದಳು. ಎರಡನೆಯದರಲ್ಲಿ ಒಂದು ಕಣ್ಣು ತೆರೆದಳು. ಕೆಳಗೆ ಹಳ್ಳದ ಹತ್ತಿರ ಸೈಕಲ್ ನಿಂತಾಗ ತುರುಬು ಬಿಚ್ಚಿಹೋಗಿತ್ತು, ಒಂದು ಚಪ್ಪಲಿ ಕಾಲಲ್ಲಿರಲಿಲ್ಲ. ಬೈಗುಳಕ್ಕೆ ತಯಾರಾಗಿ ಚಂದ್ರಯ್ಯ ತಲೆ ತಗ್ಗಿಸಿದ.

‘ಚಪ್ಪಲಿ ಮೇಲೆ ಎಲ್ಲೋ ಬಿದ್ದಿದೆ, ಹತ್ತಿ ನೋಡಾಣ’ ಎಂದಳು ಕನ್ನಮ್ಮ.

ಚಪ್ಪಲಿ ಅರ್ಧ ದಾರಿಯಲ್ಲೇ ಸಿಕ್ಕಿತು. ಅವಳು ಅದನ್ನು ಮೆಟ್ಟಿಕೊಂಡಳು, ಹತ್ತುವುದನ್ನು ಮಾತ್ರ ನಿಲ್ಲಿಸಲಿಲ್ಲ. ಅವತ್ತು ಮೂರು ಸಲ ಇಳಿದರು.

ಆಮೇಲೆ ಹಿಂದೆ ಕೂರುವುದು ಅವಳಿಗೆ ಸಾಲದಾಯಿತು. ಕೊಯ್ಲು ಮುಗಿದ ಗದ್ದೆಯಲ್ಲಿ ಸೀರೆಯನ್ನು ಕಚ್ಚೆ ಕಟ್ಟಿಕೊಂಡು ಕಲಿಯತೊಡಗಿದಳು. ನಾಲ್ಕನೇ ದಿನ ಗದ್ದೆ ದಾಟಿ ಸೀದಾ ಗೊಬ್ಬರಗುಂಡಿಗೆ ಹೋದಳು. ಅತ್ತೆ ದುಗ್ಗಮ್ಮ ಬಂದು ನಿಂತು ನೋಡಿದರು. ಹೋಗಿ ಹಂಡೆಗೆ ಬೆಂಕಿ ಹಾಕಿದರು. ಸ್ನಾನಕ್ಕೆ ನೀರು ತೋಡಿಕೊಡುವಾಗ ಇಷ್ಟೇ ಅಂದರು: ‘ನಾಳೆಯಿಂದ ಆ ಕಡೆ ಹೊಡಿ ಮಾರಾಯ್ತಿ, ಅಲ್ಲಿ ಹುಲ್ಲಿನ ಗೊಣಬೆ ಇದೆ.’

ಕಲಿತ ಮೇಲೆ ಅವಳಿಗೂ ಒಂದು ಹಳೇ ಸೈಕಲ್ಲು ಬಂತು. ಬ್ರೇಕಿನ ರಬ್ಬರು ಸವೆದಾಗ ಸೊಪ್ಪಿನ ಕೊಂಬೆಯೊಂದನ್ನು ಹಿಂದೆ ಕಟ್ಟಿ ಎಳೆದುಕೊಂಡು ಇಳಿಯುವುದನ್ನೂ ಚಂದ್ರಯ್ಯ ಕಲಿಸಿದ. ಕೆಮ್ಮಣ್ಣಿನ ಧೂಳೆಬ್ಬಿಸುತ್ತ ಗಂಡ ಹೆಂಡತಿ ಇಬ್ಬರೂ ಬಾಲ ಕಟ್ಟಿಕೊಂಡು ಬರುವುದನ್ನು ಕಂಡವರು, ಕೊಟ್ಟಿಗೆಗೆ ಸೊಪ್ಪು ತರಲು ಇದೆಂಥ ಹೊಸ ಕ್ರಮ ಎಂದು ವಿಚಾರಿಸುತ್ತಿದ್ದರು. ಊರಿನವರು ಅವಳನ್ನು ‘ಇಳಿಜಾರಿನ ಕನ್ನಮ್ಮ’ ಅನ್ನಲು ಶುರುಮಾಡಿದ್ದೂ ಆಗಲೇ.

ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ದೊಡ್ಡವಳು ಲಕ್ಷ್ಮೀ, ಅವಳಿಗಿಂತ ಮೂರು ವರ್ಷ ಚಿಕ್ಕವಳು ಸರೋಜ. ಮಕ್ಕಳ ಕಾಲು ಪೆಡಲಿಗೆ ಎಟಕುವುದನ್ನೇ ಕನ್ನಮ್ಮ ಕಾಯುತ್ತಿದ್ದಳು. ಸರೋಜ ಅಮ್ಮನಂತೆಯೇ. ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹಾಕುವ ವಯಸ್ಸಿನಲ್ಲೇ ಗುಡ್ಡದ ನೆತ್ತಿಯಿಂದ ಹೊರಟರೆ ಹಳ್ಳದ ನೀರಿಗೆ ಚಕ್ರ ತಾಗಿದ ಮೇಲೇ ನಿಲ್ಲುತ್ತಿದ್ದಳು. ಲಕ್ಷ್ಮೀ ಮಾತ್ರ ನೆತ್ತಿಗೆ ಬಂದ ಕೂಡಲೇ ಇಳಿದು ಸೈಕಲ್ಲನ್ನು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು.

‘ಹೆದ್ರಿಕೆಯಾ?’

‘ಹ್ಞೂಂ. ನಾನು ನಡ್ಕಂಡು ಬರ್ತೀನಿ.’

ಕನ್ನಮ್ಮ ಪುಸಲಾಯಿಸಿದಳು, ಗದರಿದಳು, ತಂಗಿಯನ್ನು ತೋರಿಸಿ ಹಂಗಿಸಿದಳು. ಒಮ್ಮೆ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೊರಟರೆ ಹುಡುಗಿ ಮೊದಲ ತಿರುವಿನಲ್ಲೇ ಹಾರಿಕೊಂಡು ಮುಳ್ಳಿನ ಪೊದೆ ಸೇರಿದಳು. ಮುಳ್ಳು ತೆಗೆಯುತ್ತ ಕೂತ ಕನ್ನಮ್ಮನಿಗೆ ಒಳಗೊಳಗೇ ಅಳು ಬಂತು. ತನಗೆ ಇಷ್ಟು ರುಚಿಯಾದದ್ದು ಈ ಮಗುವಿಗೆ ಯಾಕೆ ಸೇರುವುದಿಲ್ಲ ಎಂದು ಎಷ್ಟು ಯೋಚಿಸಿದರೂ ಅವಳಿಗೆ ತಿಳಿಯಲಿಲ್ಲ. ಚಂದ್ರಯ್ಯ, ‘ಬಿಡು, ಎಲ್ಲರಿಗೂ ಆಗ್ಬೇಕು ಅಂತ ಎಲ್ಲಿದೆ’ ಎಂದರೂ ಅವಳು ಬಿಡಲಿಲ್ಲ.

ಎಂಬತ್ನಾಲ್ಕರ ಬೇಸಿಗೆ ರಜೆಯಲ್ಲಿ ಕವಲೇದುರ್ಗಕ್ಕೆ ಹೊರಟರು. ಪಕ್ಕದ ಮನೆಯದೂ ಸೇರಿ ಮೂರು ಸೈಕಲ್ಲು. ಸರೋಜ ಅಪ್ಪನ ಜೊತೆ. ದಾರಿಯಲ್ಲಿ ಒಂದು ಉದ್ದದ ಏರು. ಯಾವತ್ತಿನಂತೆ ಕನ್ನಮ್ಮ ಎಲ್ಲರಿಗಿಂತ ಮುಂದೆ, ಬೇಗ ನೆತ್ತಿ ಮುಟ್ಟಿದರೆ ಬೇಗ ಇಳಿಯಬಹುದಲ್ಲ ಎಂದು ದಡಬಡ ತಳ್ಳಿಕೊಂಡು ಹೋಗುತ್ತಿದ್ದಳು. ಅಷ್ಟರಲ್ಲಿ ಚೈನು ಕಳಚಿತು. ರಸ್ತೆ ಬದಿಗೆ ಕೂತು ಅದನ್ನು ಏರಿಸುತ್ತಿದ್ದಾಗ ಚಂದ್ರಯ್ಯ ಮತ್ತು ಸರೋಜ ಏದುಸಿರು ಬಿಡುತ್ತ ಸೈಕಲ್ ತಳ್ಳಿಕೊಂಡು ದಾಟಿಹೋದರು. ಸ್ವಲ್ಪ ಹೊತ್ತಿಗೆ ತಿರುವಿನಲ್ಲಿ ಲಕ್ಷ್ಮೀ ಕಾಣಿಸಿದಳು.

ಅವಳು ತಳ್ಳುತ್ತಿರಲಿಲ್ಲ. ಪೆಡಲಿನ ಮೇಲೆ ಎದ್ದು ನಿಂತು, ತುಟಿ ಕಚ್ಚಿಕೊಂಡು, ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಹಾವಿನಂತೆ ಹರಿಯುತ್ತ ತುಳಿದುಕೊಂಡೇ ಬರುತ್ತಿದ್ದಳು.

‘ಏ, ಇಳಿಯೇ, ಎದೆ ಒಡೆದೀತು’ ಎಂದಳು ಕನ್ನಮ್ಮ.

‘ಮಾತಾಡಿಸ್ಬೇಡ ಅವ್ವ, ಉಸಿರು ಹೋಗ್ತದೆ’ ಎಂದು ಲಕ್ಷ್ಮೀ ದಾಟಿಹೋದಳು.

ನೆತ್ತಿಗೆ ಹೋಗಿ ನೋಡಿದರೆ ಹುಡುಗಿ ಬಂಡೆಯ ಮೇಲೆ ಕೂತಿದ್ದಾಳೆ. ಮುಖ ಕೆಂಪಗೆ, ಬೆವರು ಇಳಿಯುತ್ತಿದೆ, ನಗು ಮಾತ್ರ ಕಿವಿಯವರೆಗೆ. ಸರೋಜ ಅವಳಿಗೆ ಟವೆಲ್ಲಿನಿಂದ ಗಾಳಿ ಹಾಕುತ್ತಿದ್ದಳು.

‘ಯಾವಾಗಿಂದ ಹೀಗೆ ಹತ್ತತೀಯೇ?’

‘ಯಾವಾಗ್ಲೂ. ನಾನು ಹಿಂದೆ ಇರ್ತೀನಲ್ಲ, ನೀವು ನೋಡಲ್ಲ.’

‘ಹೇಳ್ಬಾರ್ದಾಗಿತ್ತಾ?’

‘ಇಳಿಯೋಕೆ ಹೆದ್ರಿಕೆಯಾ ಅಂತ ಮಾತ್ರ ಕೇಳ್ತಿದ್ರಿ’ ಎಂದಳು ಲಕ್ಷ್ಮೀ. ಸ್ವಲ್ಪ ಸುಧಾರಿಸಿಕೊಂಡು, ‘ಇಳಿಯೋದ್ರಲ್ಲಿ ಎಂತ ಇದೆ ಅವ್ವ? ಅದು ಸೈಕಲ್ಲೇ ಇಳೀತದೆ. ಹತ್ತೋದಾದ್ರೆ ನಾನೇ ಹತ್ಬೇಕು.’

ಅವತ್ತು ದುರ್ಗದ ಕೋಟೆ ಬಾಗಿಲುಗಳನ್ನು ಚಂದ್ರಯ್ಯ ಒಂದೊಂದಾಗಿ ತೋರಿಸುತ್ತಿದ್ದರೆ ಕನ್ನಮ್ಮ ಹನ್ನೆರಡು ವರ್ಷದ ಮಗಳನ್ನೇ ನೋಡುತ್ತಿದ್ದಳು. ಊಟದ ಗಂಟು ಬಿಚ್ಚಿದಾಗ ಕೇಳಿದಳು: ‘ನಿಂಗೆ ಎಲ್ಲಿ ಹತ್ಬೇಕು ಅಂತ ಆಸೆ?’

‘ಹುಲಿಕಲ್ ಘಾಟಿ’ ಎಂದಳು ಲಕ್ಷ್ಮೀ, ತಡವಿಲ್ಲದೆ.

ಘಾಟಿ ಹತ್ತಬೇಕಾದರೆ ಮೊದಲು ಕೆಳಗೆ ಹೋಗಬೇಕು. ಮುಂದಿನ ಭಾನುವಾರ ಬೆಳಗಿನ ಬಸ್ಸಿನ ಟಾಪಿಗೆ ಮೂರು ಸೈಕಲ್ ಏರಿಸಿದಾಗ ಕಂಡಕ್ಟರ್ ಬೆಳ್ಳಪ್ಪ ಹಣೆ ಗಂಟಿಕ್ಕಿದ. ‘ಚಂದ್ರಯ್ಯನೋರೆ, ಸೈಕಲ್ಲು ಕೆಳಗೆ ತಾನಾಗೇ ಹೋಗ್ತದೆ. ಬರುವಾಗಲ್ವ ಬಸ್ಸು ಬೇಕಾಗಿದ್ದು?’

‘ನನ್ನ ಕೇಳ್ಬೇಡ ಮಾರಾಯ’ ಎಂದು ಚಂದ್ರಯ್ಯ ಲಕ್ಷ್ಮೀಯ ಕಡೆ ಕೈ ತೋರಿಸಿದ.

ಘಾಟಿಯ ಬುಡದ ಹೊಸಂಗಡಿಯಲ್ಲಿ ಬಸ್ಸಿಳಿದು ಹೊರಟರು. ಏನಾದರೂ ಸರಿ ಈ ಸಲ ಸೈಕಲ್ಲಿನಿಂದ ಇಳಿಯಬಾರದೆಂದು ಕನ್ನಮ್ಮ ಕಚ್ಚೆ ಬಿಗಿದು ನಿಶ್ಚಯಿಸಿದ್ದಳು. ಮೂರು ತಿರುವು ಆ ನಿಶ್ಚಯ ನಡೆಯಿತು. ನಾಲ್ಕನೆಯದರಲ್ಲಿ ತೊಡೆ ಕಲ್ಲಾಗಿ, ಬದಿಯ ಮೋಟುಗೋಡೆಯ ಮೇಲೆ ಕೂತುಬಿಟ್ಟಳು. ಹೆಂಚು ತುಂಬಿದ ಲಾರಿಯೊಂದು ನರಳುತ್ತ ಹತ್ತಿ ಬಂತು. ಹೆಂಚಿನ ರಾಶಿಯ ಮೇಲೆ ಒಂದು ಸೈಕಲ್ಲು, ಪಕ್ಕದಲ್ಲಿ ಚಂದ್ರಯ್ಯ ಮತ್ತು ಸರೋಜ. ಸರೋಜ ಕೈ ಬೀಸಿದಳು. ಚಂದ್ರಯ್ಯ ಕಣಿವೆಯ ಕಡೆ ಏನೋ ವಿಶೇಷ ಕಂಡವನಂತೆ ಮುಖ ತಿರುಗಿಸಿಕೊಂಡ.

ಮುಂದೆ ಹೋಗಿದ್ದ ಲಕ್ಷ್ಮೀ ಸೈಕಲ್ ಹಿಡಿದುಕೊಂಡು ನಡೆದು ಬಂದಳು.

‘ಮೇಲೆ ನೋಡ್ಬೇಡ ಅವ್ವ. ಮುಂದಿನ ಚಕ್ರ ಮಾತ್ರ ನೋಡು. ನೇರ ಹೋಗ್ಬೇಡ, ಅಡ್ಡ ಅಡ್ಡ ಹೋಗು. ಅವಸರ ಮಾಡ್ಬೇಡ.’

ಇಷ್ಟು ವರ್ಷ ಹೇಳಿಕೊಡುತ್ತಿದ್ದವಳು ಕನ್ನಮ್ಮ. ಈಗ ಮಗಳು ಹೇಳಿದಂತೆ ಎದ್ದಳು. ನಿಂತು, ಕೂತು, ಝರಿಯ ನೀರು ಕುಡಿದು, ಎರಡು ಕಡೆ ಮಗಳ ಕಣ್ಣು ತಪ್ಪಿಸಿ ತಳ್ಳಿ, ಮಧ್ಯಾಹ್ನದ ಹೊತ್ತಿಗೆ ಹುಲಿಕಲ್ಲಿನ ಚಾ ಅಂಗಡಿ ಮುಟ್ಟಿದಳು. ಒಳಗೆ ಚಂದ್ರಯ್ಯ ಆಗಲೇ ಎರಡು ಚಾ ಮುಗಿಸಿದ್ದ. ಕನ್ನಮ್ಮ ಬೆಂಚಿನ ಮೇಲೆ ಕುಸಿದು ಕೂತಳು. ಅವಳ ಚಾ ಲಕ್ಷ್ಮೀಯೇ ಆರಿಸಿ ಕೊಟ್ಟಳು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಒಂದು ಭಾನುವಾರ ಇಳಿಯುವವರದು, ಒಂದು ಭಾನುವಾರ ಹತ್ತುವವರದು ಎಂದಾಯಿತು. ಎಂಬತ್ತೊಂಬತ್ತರಲ್ಲಿ ಲಕ್ಷ್ಮೀ ಓದಲು ತೀರ್ಥಹಳ್ಳಿಗೆ ಹೋದಳು. ಒಂದು ತಿಂಗಳಿಗೆ ಅವಳಿಂದ ಕಾರ್ಡು ಬಂತು. ಹಾಸ್ಟೆಲಿನ ಸಾರು ನೀರು, ಗೆಳತಿಯರು ಒಳ್ಳೆಯವರು, ಇಲ್ಲಿಂದ ಆಗುಂಬೆ ಘಾಟಿ ದೂರವಿಲ್ಲ, ನೀನು ಯಾವಾಗ ಬರ್ತೀಯ ಎಂದು ಬರೆದಿದ್ದಳು. ಸರೋಜಳ ಪರೀಕ್ಷೆ ಮುಗಿದ ಮೇಲೆ ಬರುವುದಾಗಿ ಕನ್ನಮ್ಮ ಮರುದಿನವೇ ಉತ್ತರ ಹಾಕಿದಳು. ಘಾಟಿಯ ಕೆಳಗೆ ಹೋಗುವ ಮೊದಲ ಬಸ್ಸು ಎಷ್ಟು ಹೊತ್ತಿಗೆಂದು ಕೇಳಿಡಲು ತಿಳಿಸಿದಳು.