ಅಕ್ಕನ ಮುದ್ದೆ, ತಂಗಿಯ ಗಂಟಲು

2016ರಲ್ಲಿ ನಾನು ರಾಯದುರ್ಗದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ವೈದ್ಯೆಯಾಗಿದ್ದೆ. ಓಣಿ ಓಣಿಯಲ್ಲೂ ಜೀನ್ಸ್ ಹೊಲಿಯುವ ಮಷೀನುಗಳು ಸದ್ದು ಮಾಡುತ್ತಿದ್ದ ಕಾಲ ಅದು. ನನ್ನಲ್ಲಿಗೆ ಬರುತ್ತಿದ್ದವರಲ್ಲಿ ಹೊಲಿಗೆಯವರೇ ಹೆಚ್ಚು. ಸೊಂಟನೋವು, ಬಟ್ಟೆಯ ದೂಳಿನ ಕೆಮ್ಮು, ಹೊತ್ತು ತಪ್ಪಿ ಉಂಡು ತಂದುಕೊಂಡ ಎದೆಯುರಿ. ಭಾಗ್ಯಮ್ಮ ಬಂದದ್ದು ಕಡುಬೇಸಿಗೆಯಲ್ಲಿ ಎಂದು ನನ್ನ ನೆನಪು. ಡೈರಿ ಜುಲೈ ಎನ್ನುತ್ತದೆ. ಡೈರಿಯನ್ನೇ ನಂಬುತ್ತೇನೆ, ಆದರೂ ಆಕೆಯ ಜೊತೆ ಬಂದಿದ್ದ ಅಕ್ಕನ ಮುಖದ ಬೆವರು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇಬ್ಬರೂ ಮಡಕಶಿರಾ ಕಡೆಯ ಅಗಳಿಯವರು. ಒಂದೇ ಮನೆಯ ಅಣ್ಣತಮ್ಮಂದಿರನ್ನು ಮದುವೆಯಾಗಿದ್ದರಿಂದ ಅಕ್ಕತಂಗಿಯರೇ ವಾರಗಿತ್ತಿಯರೂ ಆಗಿದ್ದರು. ಗಂಡಂದಿರು ಹೊಲಿಗೆ ಕೆಲಸಕ್ಕೆಂದು ರಾಯದುರ್ಗಕ್ಕೆ ಬಂದು, ಬರಬರುತ್ತ ತಮ್ಮದೇ ಯೂನಿಟ್ ಇಟ್ಟಿದ್ದರು. ಬಟ್ಟೆ ಕತ್ತರಿಸುವುದು, ಕೆಲಸ ಹಂಚುವುದು, ಬೀಗದ ಕೈ ಇಟ್ಟುಕೊಳ್ಳುವುದು ಎಲ್ಲ ಕಿರಿಯವಳಾದ ಭಾಗ್ಯಮ್ಮನದು. ಹಿರಿಯವಳು ಪುಟ್ಟಕ್ಕ ಮಷೀನಿನ ಮುಂದೆ ಕೂತು ತಂಗಿಯಿಂದ ಹೇಳಿಸಿಕೊಳ್ಳುತ್ತಿದ್ದಳು.

ತೂಕ ನೂರು ಕಿಲೋ ದಾಟಿ, ಸಕ್ಕರೆ ಕಾಯಿಲೆ ಹತೋಟಿಗೆ ಬಾರದೆ, ಭಾಗ್ಯಮ್ಮ ಹಿಂದಿನ ವರ್ಷ ಬೆಂಗಳೂರಿನಲ್ಲಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡಿದ್ದಳು. ಅದಕ್ಕೆ ಸ್ಲೀವ್ ಎನ್ನುತ್ತಾರೆ. ಜಠರದ ಬಹುಭಾಗವನ್ನು ತೆಗೆದು, ಉಳಿದುದನ್ನು ಅಂಗಿಯ ತೋಳಿನ ಹಾಗೆ ಸಣ್ಣ ಕೊಳವೆ ಮಾಡುತ್ತಾರೆ. ಗುರುತು ಸಿಗದಷ್ಟು ಇಳಿದಿದ್ದಳು. ಆದರೆ ಈಚೆಗೆ ಉಂಡದ್ದು ಎದೆಯ ಹಿಂದೆ ಸಿಕ್ಕಿಕೊಂಡು, ನೊರೆ ಎಂಜಲು ಉಕ್ಕಿ, ಕೊನೆಗೆ ವಾಂತಿಯಾಗುತ್ತಿತ್ತು. ನಿಶ್ಶಕ್ತಿಯಿಂದ ಯೂನಿಟ್ಟಿನಲ್ಲಿ ನಿಲ್ಲಲಾಗದೆ, ಬೀಗದ ಕೈ ಪುಟ್ಟಕ್ಕನಿಗೆ ಹೋಗಿತ್ತು. ಆ ದಿನ ಗೊಂಚಲು ಪುಟ್ಟಕ್ಕನ ಸೊಂಟದಲ್ಲೇ ತೂಗುತ್ತಿತ್ತು. ಭಾಗ್ಯಮ್ಮ ತನ್ನ ನೋವನ್ನು ನನಗೆ ಹೇಳಿದ್ದು ಅದನ್ನೇ ನೋಡುತ್ತ.

ಬೆಂಗಳೂರಿನಲ್ಲಿ ಎಂಡೋಸ್ಕೋಪಿ, ಅಂದರೆ ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ, ಆಗಿತ್ತು. ದಾರಿ ಎಲ್ಲೂ ಕಿರಿದಾಗಿರಲಿಲ್ಲ. ಹಾಗಾಗಿ ಮನೆಯವರಿಗೆ ಇದು ನಾಟಕವಾಗಿ ಕಂಡಿತ್ತು. ಬೇಗ ಸರಿಹೋಗದಿದ್ದರೆ ಯೂನಿಟ್ ಪುಟ್ಟಕ್ಕನೇ ನೋಡಿಕೊಳ್ಳಲಿ ಎಂದು ಗಂಡಂದಿರು ಮಾತಾಡಿಕೊಂಡಿದ್ದರಂತೆ.

ಚೆನ್ನಾಗಿ ಅಗಿದು ತಿನ್ನುತ್ತೀರಾ ಎಂದು ಕೇಳಿದೆ. ಹೌದು ಎಂದಳು. ಸಣ್ಣ ತುತ್ತು? ಹೌದು. ಊಟದ ನಡುವೆ ನೀರು? ಇಲ್ಲ. ಒಂದು ಉತ್ತರದಲ್ಲೂ ತಪ್ಪಿರಲಿಲ್ಲ. ಪದೇ ಪದೇ ವಾಂತಿಯಾಗುವವರಲ್ಲಿ ಬಿ-1 ವಿಟಮಿನ್ ಕಡಿಮೆಯಾದರೆ ನರಗಳಿಗೆ ಅಪಾಯ, ಅದಕ್ಕೆ ಇಂಜೆಕ್ಷನ್ ಕೊಟ್ಟೆ. ನಾಳೆ ಮಧ್ಯಾಹ್ನದ ಊಟವನ್ನು ಇಲ್ಲಿಗೇ ತಂದು ನನ್ನೆದುರು ಉಣ್ಣಬೇಕು ಎಂದೆ.

ಮರುದಿನ ಪುಟ್ಟಕ್ಕನೇ ಡಬ್ಬಿ ಬಿಚ್ಚಿದಳು. ಮೆತ್ತಗಿನ ಅನ್ನ, ಮುದ್ದೆ, ಸೊಪ್ಪಿನ ಸಾರು. ಭಾಗ್ಯಮ್ಮ ಅನ್ನವನ್ನು ಚಮಚದ ತುದಿಯಲ್ಲಿ ತೆಗೆದು, ನೀರಾಗುವ ತನಕ ಅಗಿದಳು. ನಾನೇ ಹೇಳಿಕೊಟ್ಟಿದ್ದರೂ ಅಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ. ಆಮೇಲೆ ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟಳು. ಗಂಟಲು ಒಮ್ಮೆ ಆಡಿತು, ಅಷ್ಟೆ.

ನಮ್ಮದು ಜೋಳದ ರೊಟ್ಟಿಯ ಮನೆ, ಮುದ್ದೆ ಉಣ್ಣುವ ರೀತಿ ನನಗೆ ಗೊತ್ತಿರಲಿಲ್ಲ. “ಯಾಕ್ರಿ, ಅದನ್ನ ಅಗೀಲಿಲ್ಲ?” ಎಂದೆ.

ಇಬ್ಬರೂ ನಕ್ಕರು. “ಮುದ್ದೆ ಯಾರಾನ ಅಗೀತಾರಾ ಮೇಡಮ್?” ಎಂದಳು ಪುಟ್ಟಕ್ಕ. “ಚಿಕ್ಕೋರಿದ್ದಾಗ ಅಗಿದ್ರೆ ನಮ್ಮವ್ವ ಬೆನ್ನಿಗೆ ಬಾರಿಸ್ತಿದ್ಲು.”

ಅಗಿದು ತಿನ್ನುತ್ತೀರಾ ಎಂದು ನಾನು ಕೇಳಿದಾಗ ಭಾಗ್ಯಮ್ಮ ಮುದ್ದೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ನಗು ಮುಗಿಯುವ ಮೊದಲೇ ಭಾಗ್ಯಮ್ಮನ ಕೈ ಎದೆಗೆ ಹೋಯಿತು, ಬಾಯಲ್ಲಿ ನೊರೆ ಬಂತು. ಇಂಥ ಹೊತ್ತಿನಲ್ಲಿ ಮೇಲೆ ನೀರು ಕುಡಿದು ತಳ್ಳಲು ಹೋಗಬಾರದು. ಊಟ ನಿಲ್ಲಿಸಿ, ಎದ್ದು ಮೆಲ್ಲಗೆ ಓಡಾಡಬೇಕು. ಎಂಜಲು ಕೂಡ ಇಳಿಯದಿದ್ದರೆ, ನೋವು ನಿಲ್ಲದಿದ್ದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ವರಾಂಡದಲ್ಲಿ ಓಡಾಡಿಸಿದೆ. ಸ್ವಲ್ಪ ಹೊತ್ತಿನಲ್ಲಿ ಇಳಿಯಿತು.

ಮುದ್ದೆ ಬಿಟ್ಟು, ರಾಗಿ ಬೇಕೆನಿಸಿದರೆ ತೆಳ್ಳಗೆ ಅಂಬಲಿ ಕಾಯಿಸಿ ಗುಟುಕು ಗುಟುಕಾಗಿ ಕುಡಿಯಲು ಹೇಳಿದೆ. ಭಾಗ್ಯಮ್ಮ ಅಕ್ಕನ ಕಡೆ ಕೈ ತೋರಿಸಿದಳು.

“ಕುಡೀಬೋದು ಮೇಡಮ್. ಆದ್ರೆ ಇವ್ಳು ದಿನಾ ನನ್ ಎದುರಿಗೆ ಕೂತು ನುಂಗ್ತಾಳೆ. ಅದು ಅವಳ ಗಂಟ್ಲಲ್ಲಿ ಇಳಿಯೋದು ನೋಡಿದ್ರೆ ಹೊಟ್ಟೆ ಉರೀತದೆ. ತಡೀಲಾರ್ದೆ ನಾನೂ ಒಂದ್ ತುತ್ತು ಹಾಕ್ಕಂತೀನಿ.”

ಪುಟ್ಟಕ್ಕ ಡಬ್ಬಿಯ ಮುಚ್ಚಳ ಒತ್ತುತ್ತ ಅಂದಳು: “ನಾನ್ಯಾಕೆ ಬಿಡ್ಬೇಕು? ಅಗಳಿಗೆ ಹೋದಾಗ ಊರೋರೆಲ್ಲ ಇವ್ಳನ್ನ ನೋಡಿ ಮದುವೆ ಹುಡುಗಿ ಆದಂಗೆ ಆಗವ್ಳೆ ಅಂದ್ರು. ನನ್ನ ಇವಳ ಅವ್ವನಾ ಅಂತ ಕೇಳಿದ್ರು. ಆವಾಗ ನಾನೇನು ಕಣ್ಣು ಮುಚ್ಕಂಡಿದ್ನಾ?”

ಇಬ್ಬರೂ ಬೇರೆ ಬೇರೆ ಹೊತ್ತಿಗೆ ಉಣ್ಣಿ ಎಂದಷ್ಟೇ ಹೇಳಿದೆ. ಅಕ್ಕ ಉಣ್ಣಲು ಮನೆಗೆ ಹೋದಾಗ ಯೂನಿಟ್ ನೋಡಿಕೊಳ್ಳುವವರು ಬೇಕಲ್ಲ. ಬೀಗದ ಕೈ ಆ ಹೊತ್ತಿಗೆ ತಂಗಿಯ ಕೈಗೆ ಬರತೊಡಗಿತು. ವಾಂತಿ ನಿಂತಿತು, ಬೇಳೆ, ಮೊಟ್ಟೆ, ಮೊಸರು ಒಗ್ಗಿ ಮೈಗೆ ಕಸುವು ಬಂತು. ಊಟದ ಹೊತ್ತಿಗೆಂದು ಬಂದ ಗೊಂಚಲು ಸಂಜೆಯವರೆಗೂ ಉಳಿಯಿತು, ಆಮೇಲೆ ಅಕ್ಕನ ಬಳಿಗೆ ಹಿಂತಿರುಗಲೇ ಇಲ್ಲ.

ಕೆಲವು ತಿಂಗಳ ಮೇಲೆ ಪುಟ್ಟಕ್ಕ ಒಬ್ಬಳೇ ಬಂದಳು. ಆ ಆಪರೇಷನ್ ತನಗೂ ಆಗುತ್ತದೆಯೇ ಎಂದು ಕೇಳಿದಳು. ಯಾರಿಗೆ ಮಾಡುತ್ತಾರೆ, ಆಮೇಲೆ ಬದುಕಿರುವ ತನಕ ಹೇಗೆ ಉಣ್ಣಬೇಕು ಎಲ್ಲ ವಿವರಿಸಿದೆ.

“ಮುದ್ದೆ?”

“ಹಂಗ ನುಂಗೂದು ಮುಗೀತ್ರಿ.”

ಖಾಲಿ ಸೊಂಟದ ಮೇಲೆ ಕೈಯಿಟ್ಟು ಯೋಚಿಸಿದಳು. “ಹಂಗಾದ್ರೆ ಬ್ಯಾಡ ಬಿಡಿ. ಬೀಗದ ಕೈ ಅವ್ಳೇ ಇಟ್ಕಳ್ಳಿ. ಆದ್ರೆ ನಾಳೆಯಿಂದ ಒಟ್ಗೇ ಉಣ್ತೀವಿ. ಈಗೇನು, ಅವ್ಳು ಅಂಬ್ಲಿಗೆ ಒಗ್ಗವ್ಳೆ. ಅವ್ಳು ನೋಡ್ದೆ ಇದ್ರೆ ಮುದ್ದೆ ರುಚೀನೇ ಇಲ್ಲ ಮೇಡಮ್.”

ಆಕೆ ಹೇಳಿದ್ದು ಇದೇ ಮಾತುಗಳೋ, ವರ್ಷಗಳು ಕಳೆದಂತೆ ನಾನೇ ತಿದ್ದಿಕೊಂಡೆನೋ ಹೇಳಲಾರೆ. ಡೈರಿಯಲ್ಲಿರುವುದು “ಪುಟ್ಟಕ್ಕ ಬಂದಿದ್ದಳು, ಆಪರೇಷನ್ ಬೇಡ ಎಂದಳು” ಎಂದಷ್ಟೆ. ಆದರೆ ಅಂದಿನಿಂದ, ಗಂಟಲಲ್ಲಿ ಸಿಕ್ಕುತ್ತದೆ ಎಂದು ಬಂದವರಿಗೆ ಏನು ಉಂಡಿರಿ, ಹೇಗೆ ಉಂಡಿರಿ ಎಂದು ಕೇಳಿ ಸುಮ್ಮನಾಗುವುದಿಲ್ಲ. ಎದುರಿಗೆ ಯಾರು ಕೂತಿದ್ದರು ಎಂದೂ ಕೇಳುತ್ತೇನೆ.